ಯಾಳಿಯ ಸೊಂಡಿಲು, ಕೂಸಿನ ಆರನೆಯ ಬೆರಳು

ಹಂಪೆಗೆ ಹೋದವರು ವಿಜಯವಿಠ್ಠಲನ ಗುಡಿಯ ಕಂಬಗಳ ಮುಂದೆ ಅರೆಗಳಿಗೆಯಾದರೂ ನಿಲ್ಲದೆ ಬರುವುದಿಲ್ಲ. ಅಲ್ಲಿ ಹಿಂಗಾಲುಗಳ ಮೇಲೆ ನೆಗೆದು ನಿಂತ ಯಾಳಿಗಳಿವೆ. ಮೈ ಸಿಂಹದ್ದಾದರೆ ಸೊಂಡಿಲು ಆನೆಯದು. ವಿರೂಪಾಕ್ಷನ ಸನ್ನಿಧಿಯಲ್ಲಿ ಮೂರು ತಲೆಯ ನಂದಿಯೂ ಉಂಟು. ಒಂದರ ಅಂಗವನ್ನು ಇನ್ನೊಂದರ ಮೈಗೆ ಹೊಂದಿಸುವುದು ಶಿಲ್ಪಿಯ ಸ್ವಾತಂತ್ರ್ಯ. ಸೃಷ್ಟಿಯಲ್ಲಿಯೂ ಒಮ್ಮೊಮ್ಮೆ ಇಂಥ ಪಲ್ಲಟ ಸಂಭವಿಸುವುದೆಂದರೆ ವಾಚಕರಿಗೆ ಸೋಜಿಗವೆನಿಸೀತು.

ಕಂಪ್ಲಿಯ ಸಂತೆಯಲ್ಲಿ ಮಾಗಿದ ಬಾಳೆಗೊನೆಯ ಸುತ್ತ ಹಾರಾಡುವ ಪುಟ್ಟ ನೊಣವನ್ನು ಎಲ್ಲರೂ ಬಲ್ಲರು. ಅದಕ್ಕೆ ರೆಕ್ಕೆಗಳು ಎರಡೇ. ಅವುಗಳ ಹಿಂದೆ, ಹಾರುವಾಗ ಸಮತೋಲ ಕಾಯುವ ಎರಡು ಗುಂಡಿನಂಥ ಅಂಗಗಳು. ಆ ಗುಂಡು ರೆಕ್ಕೆಯತ್ತ ತಿರುಗಿದ್ದ ನೊಣವೊಂದನ್ನು 1915ರಲ್ಲಿ ಅಮೆರಿಕದ ಕ್ಯಾಲ್ವಿನ್ ಬ್ರಿಜಸ್ ಗುರುತಿಸಿದನು. ಮುಂದೆ ಎಡ್ವರ್ಡ್ ಲೂಯಿಸ್ ನಾಲ್ಕು ರೆಕ್ಕೆಯ ನೊಣವನ್ನೇ ಪಡೆದು, ಆ ಸಾಧನೆಗಾಗಿ 1995ರ ನೊಬೆಲ್ ಪಾರಿತೋಷಕದಲ್ಲಿ ಪಾಲುಗಾರನಾದನು. ನಮ್ಮವರೇ ಆದ ಎಲ್.ಎಸ್. ಶಶಿಧರ ಹಾಗೂ ಅವರ ಸಂಗಡಿಗರು ಹೈದರಾಬಾದಿನ ಪ್ರಯೋಗಶಾಲೆಯಲ್ಲಿ ಈ ಗುಂಡು ರೂಪುಗೊಳ್ಳುವ ಬಗೆಯನ್ನು ಶೋಧಿಸಿದರು.

ಕಾರಣವೇನು? ದೇಹದ ಬಹುತೇಕ ಪ್ರತಿಯೊಂದು ಜೀವಕೋಶದಲ್ಲಿಯೂ ಇಡೀ ದೇಹದ ನಕ್ಷೆ ಇದೆ. ಎಲ್ಲಿ ಯಾವ ಪುಟವನ್ನು ಓದಬೇಕು, ಯಾವುದನ್ನು ಮುಚ್ಚಿಡಬೇಕು ಎಂದು ಹೇಳುವ ಮೇಸ್ತ್ರಿಗಳು ಬೇಕು. ಅಂಥ ಪ್ರೋಟೀನುಗಳ ಒಂದು ಮನೆತನವೇ ‘ಹಾಕ್ಸ್’. ಇವುಗಳ ವಂಶವಾಹಿಗಳು ಮನುಷ್ಯನಲ್ಲಿ 39. ನಾಲ್ಕು ಗುಂಪುಗಳಾಗಿ, ತಲೆಯಿಂದ ಬಾಲದವರೆಗಿನ ಅಂಗಕ್ರಮವನ್ನೇ ಅನುಸರಿಸಿ ಸಾಲಾಗಿ ಕುಳಿತಿವೆ. ಮೇಸ್ತ್ರಿ ತಪ್ಪಿದರೆ ಕಟ್ಟಡವೂ ತಪ್ಪುತ್ತದೆ. ರಕ್ತಕಣಗಳು ಬಲಿಯುವಾಗ ಸುಮ್ಮನಾಗಬೇಕಾದ ‘ಹಾಕ್ಸ್ ಎ9’ ಸುಮ್ಮನಾಗದಿರುವುದು ಕೆಲವು ಬಗೆಯ ರಕ್ತ ಕ್ಯಾನ್ಸರಿನಲ್ಲಿ ಕಂಡುಬಂದಿದೆ. ‘ಹಾಕ್ಸ್ ಡಿ13’ರಲ್ಲಿ ದೋಷವಿದ್ದರೆ ಬೆರಳುಗಳು ಕೂಡಿಕೊಂಡು, ನಡುವೆ ಹೆಚ್ಚಿನದೊಂದು ಮೂಡಬಹುದೆಂದು 1996ರಲ್ಲಿ ತಿಳಿದುಬಂತು. ತಂದೆಯಲ್ಲಿರಲಿ, ತಾಯಿಯಲ್ಲಿರಲಿ, ಆ ದೋಷ ಪ್ರತಿಯೊಂದು ಮಗುವಿಗೂ ಇಳಿಯುವ ಸಂಭವ ಅರ್ಧಕ್ಕರ್ಧ. ಆರು ಬೆರಳಿಗೆಲ್ಲ ಇದೊಂದೇ ಕಾರಣವಲ್ಲ. ಬೇರೆ ಮೇಸ್ತ್ರಿಗಳೂ ಇದ್ದಾರೆ.

ಹೊಸಪೇಟೆಯಲ್ಲಾಗಲಿ, ಸಂಡೂರಿನ ಗುಡ್ಡದ ಊರುಗಳಲ್ಲಾಗಲಿ, ಕೂಸಿನ ಬೆರಳು ಕೂಡಿ ಹುಟ್ಟಿದರೆ ಮೊದಲು ಏಳುವ ಪ್ರಶ್ನೆ ಒಂದೇ: “ಗ್ರಹಣದ ದಿನ ಇವಳು ಏನು ಮಾಡಿದಳು?” ಏಳನೆಯ ತಿಂಗಳಿನಲ್ಲಿ ಈಳಿಗೆಮಣೆಯ ಮುಂದೆ ಕುಳಿತದ್ದೇ ಬಾಣಂತಿಯ ಅಪರಾಧವಾಗುತ್ತದೆ. ಆದರೆ ಕೂಸಿನ ಬೆರಳುಗಳು ಬಿಡಿಬಿಡಿಯಾಗುವುದು ಗರ್ಭದ ಎರಡನೆಯ ತಿಂಗಳಿನಲ್ಲಿಯೇ. ಏಳನೆಯ ತಿಂಗಳಿನ ಗ್ರಹಣಕ್ಕೆ ಅಲ್ಲಿ ಕೆಲಸವೇನೂ ಉಳಿದಿರುವುದಿಲ್ಲ.

ಕೂಡಿದ ಬೆರಳನ್ನು ಶಸ್ತ್ರವೈದ್ಯರು ಬಿಡಿಸಬಲ್ಲರು. ಸೊಸೆಯ ಮೇಲೆ ಹೊರಿಸಿದ ಅಪವಾದವನ್ನು ಮನೆಯವರೇ ಇಳಿಸಬೇಕು. ಯಾಳಿಯನ್ನು ಕಂಡಾಗ ಯಾರೂ ಕಲ್ಲನ್ನು ದೂರುವುದಿಲ್ಲ. ಕೂಸನ್ನು ಕಂಡಾಗ ಹೆತ್ತವಳನ್ನು ದೂರುವುದೇಕೆ?