ಕೈ ಸೋತ ಮೇಲೆ ಮುಲಾಮು ಸಾಲದು

ಮುಂಬಯಿಯ ನಮ್ಮ ಸಂಘ-ಸಂಸ್ಥೆಗಳು ವರ್ಷಂಪ್ರತಿ ವೈದ್ಯಕೀಯ ಶಿಬಿರಗಳನ್ನು ಏರ್ಪಡಿಸುತ್ತಿರುವುದು ಶ್ಲಾಘನೀಯ. ರಕ್ತದೊತ್ತಡ, ಮಧುಮೇಹ, ಕಣ್ಣು, ಹೃದಯ ಎಲ್ಲದರ ತಪಾಸಣೆಯೂ ನಡೆಯುತ್ತದೆ. ಆದರೆ ಈ ಮಹಾನಗರದಲ್ಲಿ ನಮ್ಮವರಿಗೆ ಅನ್ನ ಕೊಟ್ಟ ಕೈಗಳನ್ನು ಯಾರೂ ನೋಡುವುದಿಲ್ಲ.

ನಮ್ಮ ಹೊಟೇಲುಗಳ ಅಡುಗೆ ಕೋಣೆಗೆ ಒಮ್ಮೆ ಇಣುಕಿ. ಒಬ್ಬರು ಕಾವಲಿಯ ಮುಂದೆ ನಿಂತು ದೋಸೆ ಹೊಯ್ಯುತ್ತ, ಹರಡುತ್ತ, ಮಡಚುತ್ತ ಇರುತ್ತಾರೆ. ಮತ್ತೊಬ್ಬರು ರಾಶಿ ನೀರುಳ್ಳಿ ಹೆಚ್ಚುತ್ತಾರೆ. ಗಂಟೆಗಟ್ಟಲೆ ಮಣಿಕಟ್ಟಿಗೆ ಅದೇ ಕೆಲಸ. ರಾತ್ರಿ ಹೆಬ್ಬೆರಳು, ತೋರುಬೆರಳು, ನಡುಬೆರಳು ಜೋಮು ಹಿಡಿದು ಎಚ್ಚರವಾಗುತ್ತದೆ. ಕೊಡವಿದರೆ ತುಸು ಆರಾಮ. 'ವಾಯು ಇರಬೇಕು' ಎಂದು ಮುಲಾಮು ತಿಕ್ಕಿ ಬೆಳಿಗ್ಗೆ ಮತ್ತೆ ಕೆಲಸಕ್ಕೆ. ಇದು ಮಣಿಕಟ್ಟಿನಲ್ಲಿ ನರ ಒತ್ತಿಕೊಳ್ಳುವ 'ಕಾರ್ಪಲ್ ಟನಲ್' ತೊಂದರೆಯಿರಬಹುದು. ಮಧುಮೇಹ, ಥೈರಾಯ್ಡ್ ಇದ್ದವರಿಗೂ ಇದು ಬರುವುದುಂಟು; ಹಾಗೆಂದು ಕೆಲಸದ ಪಾತ್ರವನ್ನು ತಳ್ಳಿಹಾಕುವಂತಿಲ್ಲ. ತಡಮಾಡಿದರೆ ಹೆಬ್ಬೆರಳಿನ ಬುಡದ ಸ್ನಾಯು ಸೊರಗಿ ಹಿಡಿತವೇ ತಪ್ಪೀತು.

ರೋಗಿಯನ್ನು ಮಾತ್ರವಲ್ಲ, ಕೆಲಸವನ್ನೂ ತಪಾಸಣೆ ಮಾಡಬಹುದು. ಬ್ರಿಟನ್ನಿನ ಆರೋಗ್ಯ ಮತ್ತು ಸುರಕ್ಷತಾ ಇಲಾಖೆ 2010ರಲ್ಲಿ ಇದಕ್ಕಾಗಿ 'ಆರ್ಟ್' ಎಂಬ ವಿಧಾನವನ್ನು ಹೊರತಂದಿತು. ಕೈ ಎಷ್ಟು ಬಾರಿ ಆಡುತ್ತದೆ, ಎಷ್ಟು ಬಲ ಹಾಕಬೇಕು, ಕತ್ತು-ಬೆನ್ನು-ತೋಳು-ಮಣಿಕಟ್ಟು ಹೇಗೆ ಬಾಗುತ್ತವೆ, ಕೆಲಸದ ವೇಗ ಮತ್ತು ಬಿಡುವು ಎಷ್ಟು ಎಂಬುದನ್ನು ನೋಡಿ ಅಂಕ ಕೊಡುತ್ತಾರೆ. ಮೊತ್ತ 22 ಅಥವಾ ಹೆಚ್ಚಾದರೆ ಆ ಕೆಲಸದ ಬಗ್ಗೆ ತುರ್ತಾಗಿ ಗಮನ ಹರಿಸಬೇಕು.

'ಬಿಡುವು ಕೊಟ್ಟರೆ ಗಿರಾಕಿಗಳಿಗೆ ಯಾರು ಜವಾಬು ಕೊಡುವುದು?' ಎಂದು ಧಣಿಗಳು ಕೇಳಬಹುದು. ಕೆಲಸ ನಿಲ್ಲಿಸಬೇಕಾಗಿಲ್ಲ, ಕೈ ಬದಲಾಯಿಸಿದರೆ ಸಾಕು. ಕಾವಲಿಯ ಕೆಲಸ ಇಬ್ಬರಿಗೆ ಕಲಿಸಿ ಸರದಿಯಲ್ಲಿ ನಿಲ್ಲಿಸಬಹುದು. ಚಾಕು ಹರಿತವಾಗಿದ್ದರೆ ಹಾಕುವ ಬಲ ಕಡಿಮೆಯಾಗುತ್ತದೆ. ಹೆಚ್ಚುವ ಮೇಜು ಮೊಣಕೈಗಿಂತ ತುಸು ಕೆಳಗಿದ್ದರೆ ಭುಜ ಎತ್ತಬೇಕಾಗಿಲ್ಲ. ಇವಕ್ಕೆ ತಗಲುವ ಖರ್ಚು ಅಲ್ಪ. ಕೈ ಪಳಗಿದ ಭಟ್ಟರು ಕೈನೋವೆಂದು ಊರಿಗೆ ಹೋದರೆ ಬದಲಿ ಜನ ಸಿಗುವುದು ಎಷ್ಟು ಕಷ್ಟವೆಂದು ಧಣಿಗಳಿಗೇ ಗೊತ್ತು.

ಆದುದರಿಂದ ಪದಾಧಿಕಾರಿಗಳಲ್ಲಿ ಒಂದು ವಿನಂತಿ. ಮುಂದಿನ ಶಿಬಿರಕ್ಕೆ ಎಲುಬು ತಜ್ಞರನ್ನೂ ಫಿಸಿಯೋಥೆರಪಿಸ್ಟರನ್ನೂ ಕರೆಸಿ. ಹೊಟೇಲು ಕಾರ್ಮಿಕರಿಗೆ ಬಿಡುವಿರುವ ಮಧ್ಯಾಹ್ನದ ಹೊತ್ತನ್ನೇ ಗೊತ್ತುಮಾಡಿ. ಹೊಟೇಲು ನಡೆಸುವ ಸದಸ್ಯರು ತಮ್ಮ ಅಡುಗೆ ಕೋಣೆಯಲ್ಲಿ ಅರ್ಧ ಗಂಟೆ ನಿಂತು ಕೆಲಸದವರ ಕೈಗಳನ್ನು ಗಮನಿಸಲಿ, 'ಎಲ್ಲಿ ನೋಯುತ್ತದೆ?' ಎಂದು ಕೇಳಲಿ. ನಮ್ಮ ಸಭಾಭವನಗಳ ಗೋಡೆಯ ಮೇಲಿರುವ ಎಷ್ಟೋ ದಾನಿಗಳ ಹೆಸರಿನ ಹಿಂದೆ ಈ ಕೈಗಳ ದುಡಿಮೆಯಿದೆ.