ಕಡತದ ಹೆಸರು ಮತ್ತು ಹೊಣೆ

ಶಾಲೆಯ ದಾಖಲಾತಿ ಪುಸ್ತಕದಲ್ಲಿ ವಿದ್ಯಾರ್ಥಿಯ ಹೆಸರನ್ನು ತಿದ್ದುವ ಕ್ರಮವನ್ನು ಅಧ್ಯಾಪಕರೆಲ್ಲರೂ ಬಲ್ಲರು. ಹಳೆಯ ಹೆಸರನ್ನು ಅಳಿಸಿ ಹಾಕುವುದು ಸಲ್ಲದು. ಓದಲು ಬರುವಂತೆ ಅದರ ಮೇಲೊಂದು ಗೆರೆ ಎಳೆದು, ಹೊಸದನ್ನು ಬರೆದು, ದಿನಾಂಕ ಸಹಿತ ಮುಖ್ಯೋಪಾಧ್ಯಾಯರು ರುಜು ಹಾಕಬೇಕು. ಅಷ್ಟಕ್ಕೇ ಕಾರ್ಯ ಮುಗಿಯದು. ವರ್ಗಾವಣೆ ಪತ್ರ, ಅಂಕಪಟ್ಟಿಗಳಲ್ಲಿ ಒಂದಾದರೂ ಹಳೆಯ ಹೆಸರಿನಲ್ಲಿಯೇ ಉಳಿದರೆ ಆ ಬಾಲಕನು ಮುಂದೆ ಕಚೇರಿಯಿಂದ ಕಚೇರಿಗೆ ಅಲೆಯಬೇಕಾಗುತ್ತದೆ. ಈ ವಿವೇಕವು ಗಣಕಯಂತ್ರ ಶಿಕ್ಷಣದಲ್ಲಿ ಇನ್ನೂ ಸಾಕಷ್ಟು ಬೇರೂರಿಲ್ಲವೆಂಬುದು ವಿಷಾದದ ಸಂಗತಿ.

ತಂತ್ರಾಂಶವೆಂಬುದು ಒಂದೇ ಕಡತವಲ್ಲ. ಹತ್ತಾರು, ಕೆಲವೊಮ್ಮೆ ಸಾವಿರಾರು ಕಡತಗಳು ಒಂದನ್ನೊಂದು ಹೆಸರು ಹಿಡಿದು ಕರೆಯುತ್ತಿರುತ್ತವೆ. ಒಂದರ ಹೆಸರನ್ನು ಮಾತ್ರ ಬದಲಿಸಿದರೆ, ಉಳಿದವು ಹಳೆಯ ಹೆಸರನ್ನೇ ಕೂಗಿ ಉತ್ತರ ಕಾಣದೆ ನಿಂತುಬಿಡುತ್ತವೆ. ತಂತ್ರಾಂಶ ರಚನೆಯ ಇಂದಿನ ಸಾಧನಗಳಲ್ಲಿ ಹೆಸರನ್ನು ಎಲ್ಲೆಡೆ ಹುಡುಕಿ ತಿದ್ದುವ ಸೌಲಭ್ಯವಿರುವುದು ನಿಜ. ಆದರೆ ಉದ್ಧರಣ ಚಿಹ್ನೆಗಳ ನಡುವೆ ಬರೆದಿಟ್ಟ ಹೆಸರು, ವ್ಯವಸ್ಥೆಯ ವಿವರಗಳ ಕಡತದಲ್ಲಿ ಅಡಗಿರುವ ಹೆಸರು ಅದರ ಕಣ್ಣು ತಪ್ಪಿಸಬಲ್ಲದು. ಇಂಗ್ಲಿಷಿನ ದೊಡ್ಡಕ್ಷರ, ಚಿಕ್ಕಕ್ಷರಗಳ ವ್ಯತ್ಯಾಸವನ್ನು ವಿಂಡೋಸ್ ಸಾಮಾನ್ಯವಾಗಿ ಗಣಿಸುವುದಿಲ್ಲ, ಲಿನಕ್ಸ್ ಗಣಿಸುತ್ತದೆ. ಆದುದರಿಂದಲೇ ಶಾಲೆಯ ಯಂತ್ರದಲ್ಲಿ ಸರಾಗವಾಗಿ ನಡೆದ ತಂತ್ರಾಂಶ ಬೇರೊಂದು ಯಂತ್ರವನ್ನೇರಿದೊಡನೆ ಮುಗ್ಗರಿಸುವುದುಂಟು.

ಕಡತದ ಪೂರ್ವವೃತ್ತಾಂತದ ಪ್ರಶ್ನೆ ಇದಕ್ಕಿಂತ ಗಹನವಾದುದು. ತಂತ್ರಾಂಶದ ಬದಲಾವಣೆಗಳ ದಾಖಲೆಯಿಡಲು 2005ರಲ್ಲಿ ಲಿನಸ್ ಟೋರ್ವಾಲ್ಡ್ಸ್ ರಚಿಸಿದ ‘ಗಿಟ್’ ಇಂದು ಜಗತ್ತಿನಾದ್ಯಂತ ಬಳಕೆಯಲ್ಲಿದೆ. ಹೆಸರು ಬದಲಾಯಿತೆಂಬ ಸಂಗತಿಯನ್ನು ಅದು ಪ್ರತ್ಯೇಕವಾಗಿ ಬರೆದಿಡುವುದಿಲ್ಲ. ಕಾಣೆಯಾದ ಕಡತವನ್ನೂ ಹೊಸದಾಗಿ ಕಾಣಿಸಿಕೊಂಡದ್ದನ್ನೂ ಹೋಲಿಸಿ, ಸಾಮಾನ್ಯವಾಗಿ ಅರ್ಧದಷ್ಟಾದರೂ ಸಾಮ್ಯವಿದ್ದರೆ ಎರಡೂ ಒಂದೇ ಎಂದು ಊಹಿಸುತ್ತದೆ. ಹೆಸರನ್ನೂ ಒಳಗಿನ ಬರಹವನ್ನೂ ಒಟ್ಟಿಗೇ ಬದಲಿಸಿದವನು ಈ ಊಹೆಗೆ ಆಧಾರವನ್ನೇ ಉಳಿಸುವುದಿಲ್ಲ. ಮೊದಲು ಹೆಸರನ್ನಷ್ಟೇ ಬದಲಿಸಿ ದಾಖಲಿಸಿ, ಆ ಬಳಿಕ ಬರಹವನ್ನು ತಿದ್ದುವುದೇ ಸರಿಯಾದ ಮಾರ್ಗ. ಯಾವ ಸಾಲನ್ನು ಯಾರು, ಎಂದು ಬರೆದರೆಂಬುದು ಆಗ ಮುಂದಿನವರಿಗೂ ದೊರೆಯುತ್ತದೆ.

ಮುಳ್ಳೂರಿನವರಿಗೆ ಇದರ ಬೆಲೆಯನ್ನು ವಿವರಿಸಬೇಕಾಗಿಲ್ಲ. ಕೊಳ್ಳೇಗಾಲ ತಾಲ್ಲೂಕು 1956ರವರೆಗೆ ಮದರಾಸಿನ ಕೊಯಮತ್ತೂರು ಜಿಲ್ಲೆಯಲ್ಲಿತ್ತು. ಅನಂತರ ಮೈಸೂರು ಜಿಲ್ಲೆಯಲ್ಲಿತ್ತು. 1997ರಿಂದ ಚಾಮರಾಜನಗರ ಜಿಲ್ಲೆಯಲ್ಲಿದೆ. ಆ ಚಾಮರಾಜನಗರಕ್ಕೂ 1818ರವರೆಗೆ ಅರಿಕುಠಾರವೆಂಬ ಹೆಸರಿತ್ತು. ಇಂದಿನ ಜಿಲ್ಲೆಯ ಹೆಸರೊಂದನ್ನೇ ಹಿಡಿದು ಹಳೆಯ ದಾಖಲೆಗಳನ್ನು ಅರಸುವವನು ಬರಿಗೈಯಲ್ಲಿ ಹಿಂದಿರುಗುವುದು ಸಹಜ.

ಕನ್ನಡದಲ್ಲಿ ಹೆಸರಿಡುವಾಗ ಇನ್ನೊಂದು ಸೂಕ್ಷ್ಮವಿದೆ. ಯೂನಿಕೋಡಿನಲ್ಲಿ ‘ಕೊ’ ಅಕ್ಷರದ ಒಕಾರವನ್ನು ಒಂದೇ ಸಂಕೇತದಿಂದಲೂ ಬರೆಯಬಹುದು, ಎಕಾರ ಮತ್ತು ಊಕಾರಗಳ ಎರಡು ಸಂಕೇತಗಳನ್ನು ಕೂಡಿಸಿಯೂ ಬರೆಯಬಹುದು. ‘ಳ್ಳೇ’ಯ ಏಕಾರಕ್ಕೂ ಇಂತಹದೇ ಎರಡು ದಾರಿಗಳಿವೆ. ಹೀಗಾಗಿ ‘ಕೊಳ್ಳೇಗಾಲ’ವೆಂಬ ಎರಡು ಕಡತಗಳು ಕಣ್ಣಿಗೆ ಒಂದೇ ಆಗಿದ್ದು, ಯಂತ್ರಕ್ಕೆ ಬೇರೆಯಾಗಿರಬಹುದು. ಇದನ್ನೇ ಮುಂದುಮಾಡಿ ಕನ್ನಡವು ಗಣಕಯಂತ್ರಕ್ಕೆ ಒಗ್ಗದೆನ್ನುವವರ ವಾದ ಒಪ್ಪತಕ್ಕುದಲ್ಲ. ಹೋಲಿಸುವ ಮುನ್ನ ಎಲ್ಲವನ್ನೂ ಒಂದೇ ರೂಪಕ್ಕೆ ತರುವ ವಿಧಾನವನ್ನು ಯೂನಿಕೋಡೇ ಒದಗಿಸಿದೆ. ಅದನ್ನು ಕಲಿಸುವ ಶ್ರಮವಷ್ಟೇ ಬೇಕಾದುದು.

ಉದಾರ ದಾನಿಗಳು ಶಾಲೆಗಳಿಗೆ ಯಂತ್ರಗಳನ್ನು ಕೊಡಿಸುತ್ತಿರುವುದು ಸ್ತುತ್ಯವೇ ಸರಿ. ಆದರೆ ‘ಹೊಸದು’, ‘ಹೊಸದು ಎರಡು’, ‘ಕೊನೆಯದು’, ‘ನಿಜವಾದ ಕೊನೆಯದು’ ಎಂಬ ಕಡತಗಳಿಂದ ಆ ಯಂತ್ರಗಳು ತುಂಬಿಹೋದರೆ ಪ್ರಯೋಜನವೇನು? ಪ್ರತಿ ವರ್ಷ ಹೊಸತೊಂದನ್ನು ಬರೆಯಿಸುವುದಕ್ಕೆ ಬದಲು, ಹಿಂದಿನ ವರ್ಷದವರು ಬರೆದಿಟ್ಟ ತಂತ್ರಾಂಶವನ್ನೇ ಒಂಬತ್ತನೆಯ ತರಗತಿಯವರ ಕೈಗೆ ಕೊಡಬೇಕು. ಅದರ ಒಂದು ಕಡತದ ಹೆಸರನ್ನು ಅವರೇ ಬದಲಿಸಲಿ. ಹಳೆಯ ಹೆಸರು ಎಲ್ಲೆಲ್ಲಿ ಉಳಿದಿದೆಯೆಂದು ಹುಡುಕಿ ತಿದ್ದಲಿ. ಮತ್ತೆ ನಡೆಯಿಸಿ ತೋರಿಸಲಿ. ಪ್ರಾಯೋಗಿಕ ಪರೀಕ್ಷೆಯ ಅಂಕಗಳಲ್ಲಿ ಒಂದು ಪಾಲನ್ನು ಈ ಕೆಲಸಕ್ಕೆಂದೇ ಮೀಸಲಿಡುವುದು ಯುಕ್ತ.