ಹಳೆಯ ಕಚೇರಿಗೆ ಹೊಸ ಹೆಸರು

ನಮ್ಮ ಊರಿನಲ್ಲಿ ಹಳೆಯ ಕಚೇರಿಯ ಕಟ್ಟಡವೊಂದಿದೆ. ಮಂಗಳೂರು ಹೆಂಚು, ದಪ್ಪನಾದ ಗೋಡೆ, ಮುಂದುಗಡೆ ಉದ್ದನೆಯ ಜಗಲಿ. ಕಚೇರಿ ಬೇರೆಡೆಗೆ ಹೋಗಿ ಕೆಲವು ವರ್ಷಗಳಾದುವು. ಈಗ ಅದಕ್ಕೆ ಬಣ್ಣ ಬಳಿದು, ಲಾಂಛನವೊಂದನ್ನು ಬರೆಯಿಸಿ, ಇಂಗ್ಲಿಷಿನ ಹೆಸರನ್ನಿಟ್ಟು ಕಂಪೆನಿಗಳಿಗೆ ಬಾಡಿಗೆಗೆ ಕೊಡುವರಂತೆ. ಇದಕ್ಕೆ 'ಬ್ರಾಂಡಿಂಗ್' ಎಂದು ಹೆಸರೆಂಬುದಾಗಿ ಬಿ.ಕಾಂ. ಓದುತ್ತಿರುವ ಮಿತ್ರರೊಬ್ಬರು ನನಗೆ ತಿಳಿಯಹೇಳಿದರು. ಇತಿಹಾಸದ ವಿದ್ಯಾರ್ಥಿಯಾದ ನನಗೆ ಅದು ನಾಮಕರಣದಂತೆಯೇ ತೋರಿತು; ಆದರೆ ಇಲ್ಲಿ ಕೂಸಿಗೆ ಆಗಲೇ ನೂರು ವರ್ಷ!

ಕಟ್ಟಡದ ಹೆಸರು ಬೋರ್ಡಿನಿಂದ ಬರುವುದೆ? ಬೆಂಗಳೂರಿನ ಅಠಾರಾ ಕಚೇರಿಯನ್ನು ನೋಡಿ. 1868ರಲ್ಲಿ ಪೂರ್ಣಗೊಂಡ ಆ ಕೆಂಪು ಸೌಧದಲ್ಲಿ ಹದಿನೆಂಟು ಇಲಾಖೆಗಳಿದ್ದುವೆಂದು ಆ ಹೆಸರು. ವಿಧಾನಸೌಧವಾದ ಮೇಲೆ ಇಲಾಖೆಗಳು ರಸ್ತೆ ದಾಟಿ ಅಲ್ಲಿಗೆ ಹೋದುವು. ಈಗ ಅಲ್ಲಿರುವುದು ಉಚ್ಚ ನ್ಯಾಯಾಲಯ. ಹದಿನೆಂಟು ಹೋದರೂ 'ಅಠಾರಾ' ಉಳಿದಿದೆ. 1980ರ ದಶಕದಲ್ಲಿ ಅದನ್ನು ಕೆಡವುವ ಮಾತು ಬಂದಾಗ ನಾಗರಿಕರು ವಿರೋಧಿಸಿದರು, ಕಟ್ಟಡ ಉಳಿಯಿತು.

ಪರದೇಶದಲ್ಲಿಯೂ ಹೀಗೆಯೇ. ಅಮೆರಿಕದ ಷಿಕಾಗೋ ನಗರದಲ್ಲಿ ಸಿಯರ್ಸ್ ಎಂಬ ವ್ಯಾಪಾರ ಸಂಸ್ಥೆ 1970ರ ದಶಕದಲ್ಲಿ 110 ಅಂತಸ್ತುಗಳ ಗೋಪುರವನ್ನು ಕಟ್ಟಿಸಿತು. 1998ರವರೆಗೆ ಜಗತ್ತಿನ ಅತ್ಯುನ್ನತ ಕಟ್ಟಡವೆಂದು ಅದರ ಖ್ಯಾತಿ. ಸಿಯರ್ಸ್ 1990ರ ದಶಕದಲ್ಲಿಯೇ ಅಲ್ಲಿಂದ ಹೊರಟಿತು. 2009ರಲ್ಲಿ ವಿಲ್ಲಿಸ್ ಎಂಬ ವಿಮಾ ಸಂಸ್ಥೆ ಬಾಡಿಗೆಗೆ ಬಂದು ತನ್ನ ಹೆಸರನ್ನಿಡಿಸಿತು. ಊರವರಲ್ಲಿ ಅನೇಕರು ಇಂದಿಗೂ ಸಿಯರ್ಸ್ ಗೋಪುರವೆಂದೇ ಅನ್ನುತ್ತಾರೆ. ಮುಂದೆ ಮಾಲೀಕರು 50 ಕೋಟಿ ಡಾಲರಿಗೂ ಮಿಗಿಲಾಗಿ ವೆಚ್ಚಮಾಡಿ ಕಟ್ಟಡವನ್ನು ನವೀಕರಿಸಿ, ಕೆಳಗಿನ ಅಂಗಡಿ-ಉಪಾಹಾರಗೃಹಗಳ ಭಾಗಕ್ಕೆ 'ಕ್ಯಾಟಲಾಗ್' ಎಂದು ಹೆಸರಿಟ್ಟರು. ಸಿಯರ್ಸ್‌ನವರು ಅಂಚೆಯ ಮೂಲಕ ಮನೆಮನೆಗೆ ಕಳುಹಿಸುತ್ತಿದ್ದ ಪಟ್ಟಿಯ ನೆನಪು ಅದು. ಹೊಸ ಹೆಸರು ಬೇಕಾದಾಗ ಅವರು ಹುಡುಕಿದ್ದು ಹಳೆಯ ಕಡತದಲ್ಲಿಯೇ! ಇದು ಬುದ್ಧಿವಂತಿಕೆಯೆಂದು ನನ್ನ ಭಾವನೆ.

ಬದಲಾವಣೆಯೇ ಬೇಡವೆನ್ನುವ ಹಟ ನನಗಿಲ್ಲ. ಪಾಳು ಬಿದ್ದು ಬಾವಲಿಗಳ ವಾಸವಾಗುವುದಕ್ಕಿಂತ ಬಾಡಿಗೆ ಬರುವುದು ಲೇಸು. ಸೋರುವ ಮಾಡನ್ನು ಸರಿಪಡಿಸಲಿ, ವಿದ್ಯುದ್ದೀಪ ಹಾಕಿಸಲಿ. ಆದರೆ ಲಾಂಛನ ಬರೆಯುವವರು ಒಮ್ಮೆ ಆ ಜಗಲಿಯ ಮೇಲೆ ಅರ್ಧ ದಿನ ಕುಳಿತು ನೋಡಬಾರದೆ? ನಮ್ಮ ತಾತನವರು ಕಂದಾಯ ಕಟ್ಟಲು ಬಂದು ಸರದಿಗಾಗಿ ಕಾದದ್ದು ಅಲ್ಲಿ. ಸುತ್ತಲಿನ ಹಳ್ಳಿಗಳ ಅರ್ಧ ಜನ ಆ ಕಂಬಗಳಿಗೆ ಒರಗಿದವರೇ. ಎಣ್ಣೆಯ ಕಲೆ ಇನ್ನೂ ಹೋಗಿಲ್ಲ. ಜಗಲಿಗೆ ಈಗ ಗಾಜು ಹಾಕುವರಂತೆ.

ಅಲ್ಲಿ ಅರ್ಜಿ ಬರೆದುಕೊಡುವ ವೃದ್ಧರೊಬ್ಬರಿದ್ದಾರೆ. ಕಚೇರಿ ಹೋದರೂ ಅವರು ಹೋಗಲಿಲ್ಲ. ಹೊಸ ಹೆಸರಿನ ವಿಷಯ ಕೇಳಿದೆ. "ಹೆಸರು ಏನಾದರೂ ಇಟ್ಟುಕೊಳ್ಳಲಿ ಮಗು, ನನ್ನ ಮೇಜನ್ನು ಎಲ್ಲಿಗೆ ಹೊರಲಿ?" ಎಂದರು. ನನಗೆ ಉತ್ತರ ಹೊಳೆಯಲಿಲ್ಲ. ಇದನ್ನು ಬರೆಯುವ ವೇಳೆಗೆ ಮುಂಭಾಗಕ್ಕೆ ಬಣ್ಣ ಬಳಿದಾಗಿದೆ. ಬೋರ್ಡು ಇನ್ನೂ ಬಂದಿಲ್ಲ.